40 ಪೌಂಡಿನ ಮರದ ಬಿಲ್ಲಿಗೆ ಎಂಥ ಬಾಣ ಹೊಂದುತ್ತದೆ?

ಬದಿಯಡ್ಕದ ಹೊಸಬ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ನಡುವಿನ ಮನೆಯಲ್ಲಿರುವ ನಾನು ಆರು ತಿಂಗಳಿಂದ ಬಿಲ್ಲುವಿದ್ಯೆಯನ್ನು ನನ್ನಷ್ಟಕ್ಕೇ ಅಭ್ಯಾಸ ಮಾಡುತ್ತಿದ್ದೇನೆ. ಚಿಕ್ಕಂದಿನಲ್ಲಿ ನೆರೆಯ ತರವಾಡು ಮನೆಯಲ್ಲಿ ವಯನಾಟ್ಟು ಕುಲವನ್ ಎಂಬ ದೈವದ ತೆಯ್ಯ ಕೋಲದ ಕೈಯಲ್ಲಿ ಬಿಲ್ಲುಬಾಣಗಳನ್ನು ಕಂಡಂದಿನಿಂದ ಇದ್ದ ಆಸೆ ನಲವತ್ತು ದಾಟಿದ ಮೇಲೆ ಕೈಗೂಡಿದೆ. ಕಲಿಸುವವರು ಹತ್ತಿರದಲ್ಲಿ ಇಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ನನ್ನಲ್ಲಿರುವುದು ಮರ ಮತ್ತು ಫೈಬರ್ ಗ್ಲಾಸಿನ ಪದರಗಳನ್ನು ಅಂಟಿಸಿ ಮಾಡಿದ ಒಂದೇ ತುಂಡಿನ ಬಿಲ್ಲು. ಅದರ ಮೇಲೆ 28 ಇಂಚಿಗೆ 40 ಪೌಂಡ್ ಎಂದು ಬರೆದಿದೆ, ಅಂದರೆ ಹೆದೆಯನ್ನು 28 ಇಂಚು ಸೆಳೆದಾಗ ಬೇಕಾಗುವ ಬಲ. ಗುರಿ ನೋಡುವ ಸಾಧನವಾಗಲಿ ಬಾಣವನ್ನು ಇಡುವ ಆಸರೆಯಾಗಲಿ ಅದರಲ್ಲಿ ಇಲ್ಲ. ಹಿಡಿ ಸುಮಾರು 3 ಸೆಂಟಿಮೀಟರ್ ಅಗಲವಿದ್ದು, ಅದರ ಎಡಮಗ್ಗುಲಿಗೆ ತಾಗಿಸಿ, ಎಡಗೈಯ ತೋರುಬೆರಳಿನ ಗೆಣ್ಣಿನ ಮೇಲೆಯೇ ಬಾಣವನ್ನು ಇಟ್ಟು, ಬಲಗೈಯ ಮೂರು ಬೆರಳುಗಳಿಂದ ಹೆದೆಯನ್ನು ಸೆಳೆಯುತ್ತೇನೆ.

ಬಾಣಗಳು ಕಾರ್ಬನ್ನಿನವು, 30 ಇಂಚು ಉದ್ದ, ಪ್ಲಾಸ್ಟಿಕ್ ಗರಿಗಳು, ಮೈಮೇಲೆ 400 ಎಂದು ಅಚ್ಚಾಗಿದೆ. ಕೊಡುವಾಗ ಅಂಗಡಿಯವರು ಗಟ್ಟಿ ಬಾಣವಾದಷ್ಟೂ ನೇರ ಹೋಗುತ್ತದೆ ಎಂದಿದ್ದರು. ಬೈಹುಲ್ಲು ತುಂಬಿದ ಗೋಣಿಗೆ ಅಡಕೆ ಹಾಳೆಯನ್ನು ಕಟ್ಟಿ 15 ಮೀಟರಿನಿಂದ ಹೊಡೆದರೆ ಎಲ್ಲ ಬಾಣಗಳೂ ಗುರಿಯಿಂದ ಒಂದು ಗೇಣು ಎಡಕ್ಕೆ, ಬಾಲವನ್ನು ಬಲಕ್ಕೆ ವಾಲಿಸಿಕೊಂಡು ನಾಟುತ್ತವೆ. ಪ್ಲಾಸ್ಟಿಕ್ ಗರಿ ಹಿಡಿಗೆ ಬಡಿದು ಟಕ್ಕೆಂದು ಸದ್ದಾಗುತ್ತದೆ. ನನ್ನ ತೋರುಬೆರಳ ಗೆಣ್ಣಿನ ಮೇಲೆ ಒಂದೇ ಜಾಗದಲ್ಲಿ ಗೀರಿನ ಮೇಲೆ ಗೀರು ಬಿದ್ದು ಈಗ ಬ್ಯಾಂಡೇಜು ಸುತ್ತಿಕೊಂಡು ಹೊಡೆಯುವಂತಾಗಿದೆ. ನಿಲುವನ್ನು ಬದಲಾಯಿಸಿ ನೋಡಿದೆ, ಕೈ ಬಿಡುವ ರೀತಿಯನ್ನೂ ಬದಲಾಯಿಸಿದೆ, ಫಲ ಸಿಗಲಿಲ್ಲ.

ಈ ಬಿಲ್ಲಿಗೆ ಯಾವ ಸಂಖ್ಯೆಯ ಬಾಣ ಬೇಕು? ಕಾರ್ಬನ್ ಒಳ್ಳೆಯದೋ ಮರದ್ದೋ? ನಮ್ಮ ಹಿತ್ತಿಲಲ್ಲಿ ಬಿದಿರಿದೆ, ಹಳೆಯ ಅಡಕೆ ಮರಗಳನ್ನು ಸೀಳಿದ ಸಲಾಕೆಗಳೂ ಇವೆ, ಅವುಗಳಿಂದ ಮಾಡಿಕೊಳ್ಳಬಹುದೇ? ನನ್ನ ಎತ್ತರ 5 ಅಡಿ 4 ಇಂಚು ಎಂಬುದನ್ನೂ ತಿಳಿಸುತ್ತೇನೆ, ಉಪಯೋಗಕ್ಕೆ ಬಂದರೆ ಬರಲಿ.

ನೀರ್ಚಾಲಿನ ಹಳಬ:

ಬದಿಯಡ್ಕದವರೇ, ಹಿಡಿ 3 ಸೆಂಟಿಮೀಟರ್ ಅಗಲ, ಬಾಣ 400 ಎಂದು ಓದಿದಾಗಲೇ ಅರ್ಧ ಕಾರಣ ಗೊತ್ತಾಯಿತು. ಕೊನೆಯಲ್ಲಿ ಎತ್ತರ ಹೇಳಿದಿರಲ್ಲ, ಉಳಿದರ್ಧ ಅದರಲ್ಲಿದೆ.

ತೋಟದವರಾದ್ದರಿಂದ ದೋಟಿಯನ್ನೇ ನೆನೆಸಿಕೊಳ್ಳಿ. ಕಾರ್ಬನ್ ದೋಟಿಯನ್ನು ಪೂರ್ತಿ ಎಳೆದು ಎತ್ತಿದಾಗ ತುದಿಯ ಕತ್ತಿ ಹೇಗೆ ಓಲಾಡುತ್ತದೆ, ಎರಡು ತುಂಡು ಒಳಗೆ ತಳ್ಳಿದರೆ ಅದೇ ದೋಟಿ ಹೇಗೆ ಸೆಟೆದು ನಿಲ್ಲುತ್ತದೆ, ಕತ್ತಿಯ ಜೊತೆಗೆ ಗೊನೆಯ ಭಾರವೂ ಬಿದ್ದಾಗ ಎಷ್ಟು ಬಾಗುತ್ತದೆ ಎಂಬುದು ನಿಮ್ಮ ತೋಳಿಗೆ ಚೆನ್ನಾಗಿ ಗೊತ್ತು. ಬಾಣವೂ ಅಷ್ಟೇ. ಉದ್ದ ಹೆಚ್ಚಿದಷ್ಟೂ ಮೆದು, ಮೊನೆಯ ಭಾರ ಹೆಚ್ಚಿದಷ್ಟೂ ಮೆದು, ಕತ್ತರಿಸಿ ಗಿಡ್ಡ ಮಾಡಿದಷ್ಟೂ ಬಿಗಿ. ಈ ಬಾಗುವಿಕೆಯ ಅಳತೆಗೆ ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ.

ಬಾಣ ಬಾಗುವುದು ಏಕೆ ಬೇಕು ಎಂದರೆ, ನಿಮ್ಮ ಬಿಲ್ಲಿನಲ್ಲಿ ಹೆದೆಯು ಹಿಡಿಯ ನಟ್ಟನಡುವಿಗೆ ನೇರವಾಗಿ ಮರಳುತ್ತದೆ, ಬಾಣವೋ ಹಿಡಿಯ ಎಡಮಗ್ಗುಲಿನಲ್ಲಿ ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ಸರಿದು ಕೂತಿದೆ. ಪೂರ್ತಿ ಸೆಳೆದಾಗ ಗುರಿಯತ್ತ ನೋಡುತ್ತಿದ್ದ ಬಾಣವು ಹೆದೆ ಮುಂದೆ ಬಂದಂತೆಲ್ಲ ಎಡಕ್ಕೆ ತಿರುಗಬೇಕಾಗುತ್ತದೆ. ತಕ್ಕ ಮೆದುತನವಿರುವ ಬಾಣವು ಹೆದೆಯ ತಳ್ಳುವಿಕೆಗೆ ನಡುವಿನಲ್ಲಿ ಬಾಗಿ, ಹಿಡಿಯನ್ನು ಬಳಸಿಕೊಂಡು, ಬಾಲವನ್ನು ತಾಗಿಸದೆ ದಾಟಿ, ಆಮೇಲೆ ಅತ್ತಿತ್ತ ತುಯ್ದಾಡುತ್ತ ಗುರಿಯ ಸಾಲಿಗೆ ಬರುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಇದನ್ನು ಅತಿವೇಗದ ಕ್ಯಾಮೆರಾದಿಂದ ಚಿತ್ರೀಕರಿಸಿ ತೋರಿಸುವವರೆಗೆ ಬಾಣವು ಹಿಡಿಯನ್ನು ಉಜ್ಜಿಕೊಂಡೇ ಹೋಗುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದರು. ಬಾಗದ ಬಾಣ ಮಾತ್ರ ನಿಜವಾಗಿಯೂ ಉಜ್ಜಿಕೊಂಡು ಹೋಗುತ್ತದೆ. ನಿಮ್ಮದು ಎಡಕ್ಕೆ ಹೋಗುವುದೂ ಟಕ್ಕೆನ್ನುವುದೂ ಅದಕ್ಕೇ. ಬಾಣ ಅತಿಯಾಗಿ ಮೆದುವಾಗಿದ್ದರೆ ಬಲಕ್ಕೆ ಹೋಗುತ್ತಿತ್ತು. ಹೆಬ್ಬೆರಳಿನಿಂದ ಸೆಳೆದು ಬಾಣವನ್ನು ಬಿಲ್ಲಿನ ಬಲಮಗ್ಗುಲಿಗೆ ಇಡುವ ಪದ್ಧತಿಯವರಿಗೆ ಇದೆಲ್ಲ ತಿರುಗುಮುರುಗು.

ಗಟ್ಟಿ ಬಾಣದ ಬಗ್ಗೆ ಅಂಗಡಿಯವರು ಹೇಳಿದ್ದು ಹಿಡಿಯನ್ನು ನಡುವಿನವರೆಗೂ ಕೊರೆದಿರುವ, ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲುಗಳ ಮಟ್ಟಿಗೆ ಸ್ವಲ್ಪ ನಡೆಯುತ್ತದೆ. ನಿಮ್ಮದರ ಮಟ್ಟಿಗೆ ನಡೆಯುವುದಿಲ್ಲ.

ಈಗ ಸಂಖ್ಯೆಗಳು. ಇವು ಹೊಸಬರ ತಲೆ ಕೆಡಿಸಲೆಂದೇ ಹುಟ್ಟಿದಂತಿವೆ, ಏಕೆಂದರೆ ಕಾರ್ಬನ್ನಿಗೂ ಮರಕ್ಕೂ ಬೇರೆ ಬೇರೆ ಲೆಕ್ಕ, ಅದೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ಕಾರ್ಬನ್ ಕೋಲನ್ನು 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವಿಗೆ 1.94 ಪೌಂಡ್, ಅಂದರೆ 880 ಗ್ರಾಂ ತೂಗಹಾಕಿದಾಗ ಅದು ಇಂಚಿನ ಎಷ್ಟು ಸಾವಿರದ ಅಂಶ ಜಗ್ಗುತ್ತದೆ ಎಂಬುದೇ ಮೈಮೇಲಿನ ಸಂಖ್ಯೆ. ನಿಮ್ಮ 400 ಎಂದರೆ 0.400 ಇಂಚು, ಸುಮಾರು 10 ಮಿಲಿಮೀಟರ್. ಸಂಖ್ಯೆ ದೊಡ್ಡದಾದಂತೆ ಬಾಣ ಮೆದು. ಮರದ ಕೋಲಿಗೆ ಆಸರೆಗಳ ಅಂತರ 26 ಇಂಚು, ತೂಕ 2 ಪೌಂಡ್, ಮತ್ತು 26ನ್ನು ಇಂಚಿನಲ್ಲಿರುವ ಜಗ್ಗಿನಿಂದ ಭಾಗಿಸಿ ಬಂದದ್ದನ್ನು ಪೌಂಡ್ ಎಂದು ಕರೆಯುತ್ತಾರೆ. ಇಲ್ಲಿ ಸಂಖ್ಯೆ ದೊಡ್ಡದಾದಂತೆ ಬಾಣ ಬಿಗಿ. ನಿಮ್ಮ 400ರ ಕೋಲನ್ನು ಮರದ ಲೆಕ್ಕಕ್ಕೆ ತಂದರೆ 80 ಪೌಂಡಿನ ಹತ್ತಿರ ಹೋಗುತ್ತದೆ! 40 ಪೌಂಡಿನ ಬಿಲ್ಲು ಅದನ್ನು ಬಗ್ಗಿಸುವುದು ಹೇಗೆ?

ಅದೂ ನೀವು ಎಳೆಯುತ್ತಿರುವುದು 40 ಪೌಂಡ್ ಅಲ್ಲವೆಂದು ನನ್ನ ಅನುಮಾನ. ಎರಡೂ ಕೈ ಚಾಚಿದ ಉದ್ದವನ್ನು ಎರಡೂವರೆಯಿಂದ ಭಾಗಿಸಿದರೆ ಸೆಳೆತದ ಉದ್ದ ಸ್ಥೂಲವಾಗಿ ಸಿಗುತ್ತದೆ. 5 ಅಡಿ 4 ಇಂಚಿನವರಿಗೆ ಅದು 26 ಇಂಚಿನ ಆಸುಪಾಸಿಗೆ ಬಂದೀತು. ಇಂಥ ಬಿಲ್ಲಿನಲ್ಲಿ ಒಂದೊಂದು ಇಂಚಿಗೆ ಸುಮಾರು ಎರಡೂವರೆ ಪೌಂಡ್ ವ್ಯತ್ಯಾಸವಾಗುವುದರಿಂದ ನಿಮ್ಮ ಬೆರಳಿಗೆ ಬರುವುದು 35 ಪೌಂಡ್ ಇರಬಹುದು. ಊಹೆಗೆ ಬಿಡಬೇಡಿ. ವಿಮಾನ ನಿಲ್ದಾಣಕ್ಕೆ ಹೋಗುವವರು ಪೆಟ್ಟಿಗೆ ತೂಗುವ ಕೊಕ್ಕೆಯ ತಕ್ಕಡಿ ಈಗ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಮೊದಲು ಬಾಣದ ಮೇಲೆ ಹಿಡಿಯ ಹೊರಮೈಗೆ ಸರಿಯಾಗಿ ಬೇರೊಬ್ಬರಿಂದ ಪೆನ್ಸಿಲ್ ಗುರುತು ಹಾಕಿಸಿ ಸೆಳೆತದ ಉದ್ದ ತಿಳಿದುಕೊಂಡು, ಆಮೇಲೆ ಅಷ್ಟೇ ದೂರಕ್ಕೆ ಹೆದೆಯನ್ನು ಆ ಕೊಕ್ಕೆಯಿಂದ ಎಳೆದು ತೂಕ ನೋಡಿ. 16 ಕಿಲೋ ಬಂದರೆ 35 ಪೌಂಡ್.

ಹಾಗೆ ಬಂದರೆ, ಇಷ್ಟು ಅಗಲದ ಹಿಡಿಗೆ, 28 ಇಂಚು ಉದ್ದದ ಬಾಣಕ್ಕೆ, 125 ಗ್ರೇನಿನ (ಸುಮಾರು 8 ಗ್ರಾಂ) ಮೊನೆಯೊಂದಿಗೆ ಮರದ್ದಾದರೆ 30ರಿಂದ 35 ಪೌಂಡ್ ಸ್ಪೈನ್, ಕಾರ್ಬನ್ನಾದರೆ 700 ಅಥವಾ 800 ಹುಡುಕುತ್ತೇನೆ. ಡಜನ್ ಕೊಳ್ಳಬೇಡಿ. ಎರಡೆರಡು ತರಿಸಿ, ಕತ್ತರಿಸದೆ ಹೊಡೆದು ನೋಡಿ, ಬಲಕ್ಕೆ ಹೋದರೆ ಅರ್ಧರ್ಧ ಇಂಚು ಕತ್ತರಿಸುತ್ತ ಬನ್ನಿ. ಮರದ ಬಾಣದಲ್ಲಿ ಒಂದು ಇಂಚು ಉದ್ದವೂ 25 ಗ್ರೇನ್ ಮೊನೆಯ ಭಾರವೂ ಹೆಚ್ಚುಕಡಿಮೆ ಐದೈದು ಪೌಂಡ್ ಸ್ಪೈನಿಗೆ ಸಮ ಎಂದು ಲೆಕ್ಕ ಹಿಡಿಯಬಹುದು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು, ಮೊನೆಯನ್ನು ಮಾತ್ರ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ಪ್ಲಾಸ್ಟಿಕ್ ಗರಿಯನ್ನು ಇವತ್ತೇ ಕಿತ್ತುಹಾಕಿ. ಕೈಯ ಮೇಲೆ ಬಾಣವಿಟ್ಟು ಹೊಡೆಯುವವರಿಗೆ ಹಕ್ಕಿಯ ಗರಿಯೇ ಆಗಬೇಕು, ಅದು ತಾಗಿದರೂ ಮಲಗಿ ದಾರಿ ಬಿಡುತ್ತದೆ.

ಮುಳ್ಳೇರಿಯದ ಬಿದಿರು ಮೆಚ್ಚಿದವ:

ಹಳಬರು ಹೇಳಿದ ಲೆಕ್ಕವೆಲ್ಲ ಸರಿಯಾಗಿದೆ. ಹಿತ್ತಿಲ ಬಿದಿರಿನ ಪ್ರಶ್ನೆಗೆ ಮಾತ್ರ ಅವರು ಕೈಯಿಟ್ಟಿಲ್ಲ, ಅದನ್ನು ನಾನು ಹಿಡಿದುಕೊಳ್ಳುತ್ತೇನೆ.

ಹಳೆಯ ಧನುರ್ವೇದ ಗ್ರಂಥಗಳಲ್ಲಿ ಮುಂಭಾಗ ದಪ್ಪವಾಗಿರುವ ಬಾಣವನ್ನು ಸ್ತ್ರೀ ಎಂದೂ, ಹಿಂಭಾಗ ದಪ್ಪವಾಗಿರುವುದನ್ನು ಪುರುಷ ಎಂದೂ, ಉದ್ದಕ್ಕೂ ಒಂದೇ ದಪ್ಪವಿರುವುದನ್ನು ನಪುಂಸಕ ಎಂದೂ ವಿಂಗಡಿಸಿ, ಮೊದಲನೆಯದು ದೂರಕ್ಕೆ, ಎರಡನೆಯದು ಭೇದಿಸುವುದಕ್ಕೆ, ಮೂರನೆಯದು ಗುರಿಯ ಅಭ್ಯಾಸಕ್ಕೆ ಎಂದು ಹೇಳಿದ್ದಾರೆ. ಬಿದಿರಿನ ಕೋಲು ಹುಟ್ಟಾ ಒಂದು ಕಡೆ ತೆಳ್ಳಗಿರುವುದರಿಂದ ಆ ತೆಳ್ಳನೆಯ ತುದಿಯನ್ನು ಹೆದೆಯ ಕಡೆಗೆ ಇಟ್ಟುಕೊಂಡರೆ ಬಾಲ ಹಗುರಾಗಿ ಹಿಡಿಯನ್ನು ಸಲೀಸಾಗಿ ದಾಟುತ್ತದೆ. ನಾನು ಮಾಡುವುದೆಲ್ಲ ಹಾಗೆಯೇ.

ಕಡಿಯುವ ಕಾಲ ಮುಖ್ಯ. ಮಳೆ ಮುಗಿದು ಧನು, ಮಕರ ತಿಂಗಳಲ್ಲಿ ಕಡಿದರೆ ಒಳಗಿನ ಪಿಷ್ಟ ಕಡಿಮೆಯಿರುವುದರಿಂದ ಕುಟ್ಟೆ ಹಿಡಿಯುವುದು ಕಡಿಮೆ. ನಮ್ಮ ಅಜ್ಜಂದಿರು ಕೃಷ್ಣಪಕ್ಷದಲ್ಲೇ ಕಡಿಯಬೇಕೆನ್ನುತ್ತಿದ್ದರು, ನಾನೂ ಪಾಲಿಸುತ್ತೇನೆ, ಪರೀಕ್ಷಿಸಿ ನೋಡುವ ಧೈರ್ಯ ಮಾಡಿಲ್ಲ. ಎಳೆಯದು ಬೇಡ, ಎರಡು ಮೂರು ವರ್ಷ ಬಲಿತದ್ದಿರಬೇಕು. ವಾಟೆಯ ಕೋಲು ನೇರವಾಗಿ ಚಂದ ಕಾಣುತ್ತದೆ, ಆದರೆ ಅದರ ಗೋಡೆ ತೆಳು. ಹೆದೆಯ ಕಚ್ಚು ಬರುವಲ್ಲಿ ಒಳಗೆ ಗಟ್ಟಿ ಮರದ ಬೆಣೆ ತುಂಬಿಸದಿದ್ದರೆ ನಾಲ್ಕನೆಯ ಹೊಡೆತಕ್ಕೆ ಸೀಳುತ್ತದೆ. ಒಳಗೆ ತುಂಬಿಕೊಂಡಂತಿರುವ ಗಂಡು ಬಿದಿರಿನ ಸಪೂರ ಕೋಲು ಸಿಕ್ಕಿದರೆ ಅದಕ್ಕೆ ಸಮ ಇಲ್ಲ. ಅದೂ ಸಿಗದಿದ್ದರೆ ದೊಡ್ಡ ಬಿದಿರನ್ನು ಸೀಳಿ, ಹೊರಮೈಯ ಗಟ್ಟಿ ಭಾಗವನ್ನು ಉಳಿಸಿಕೊಂಡು 8 ಮಿಲಿಮೀಟರಿಗೆ ಉರುಟಾಗಿ ಕೆತ್ತಬೇಕು, ಇದಕ್ಕೆ ತಾಳ್ಮೆ ಬಹಳ ಬೇಕು.

ಕಡಿದ ಕೋಲುಗಳನ್ನು ಕಟ್ಟು ಕಟ್ಟಿ ನೆರಳಿನಲ್ಲಿ ಮೂರು ನಾಲ್ಕು ತಿಂಗಳು ಒಣಗಿಸಿದ ಮೇಲೆ ನೆಟ್ಟಗೆ ಮಾಡುವ ಕೆಲಸ. ಗೆರಟೆ ಕೆಂಡದ ಮೇಲೆ ಗಂಟನ್ನು ತಿರುಗಿಸುತ್ತ ಹಿಡಿದರೆ ಒಂದು ಹಂತದಲ್ಲಿ ಮೈ ಬೆವರಿದಂತೆ ಮಿನುಗುತ್ತದೆ. ಆಗ ಕಚ್ಚು ಕೊರೆದ ಮರದ ತುಂಡಿಗೆ ಸಿಕ್ಕಿಸಿ ಬಾಗಿದ ಕಡೆಯಿಂದ ಎದುರು ಒತ್ತಿ, ತಣಿಯುವವರೆಗೆ ಕೈ ಸಡಿಲಿಸಬಾರದು. ಕಂದು ಬಣ್ಣಕ್ಕೆ ತಿರುಗಿತೆಂದರೆ ಹೆಚ್ಚಾಯಿತು, ಕಪ್ಪಾದರೆ ಒಲೆಗೆ. ಗಂಟುಗಳನ್ನು ಸ್ವಲ್ಪ ಮಟ್ಟಸ ಮಾಡಿ, ಪೂರ್ತಿ ಹೆರೆಯಬೇಡಿ, ಬಿದಿರಿನ ಬಲವೆಲ್ಲ ಆ ಹೊರಸಿಪ್ಪೆಯಲ್ಲಿದೆ.

ಸ್ಪೈನ್ ಅಳೆಯಲು ಯಂತ್ರ ಬೇಡ. ಹಲಗೆಗೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು ಕೋಲನ್ನು ಅವುಗಳ ಮೇಲಿಡಿ. ಬಾಟಲಿ, ನೀರು, ಕೊಕ್ಕೆ ಎಲ್ಲ ಸೇರಿ 907 ಗ್ರಾಂ ಆಗುವಂತೆ ತೂಗಿ ನಡುವಿಗೆ ನೇತುಹಾಕಿ, ಎಷ್ಟು ಮಿಲಿಮೀಟರ್ ಜಗ್ಗಿತೆಂದು ನೋಡಿ. 660ನ್ನು ಆ ಮಿಲಿಮೀಟರಿನಿಂದ ಭಾಗಿಸಿದರೆ ಪೌಂಡ್ ಲೆಕ್ಕದ ಸ್ಪೈನ್ ಬಂತು. 20 ಮಿಲಿಮೀಟರ್ ಜಗ್ಗಿದರೆ 33 ಪೌಂಡ್, ಅದು ನಿಮಗೆ ಬೇಕಾದ ಕೋಲು. ಕಳೆದ ಸಲ ನಾನು ಕಡಿದ 40 ಕೋಲುಗಳಲ್ಲಿ ತೂಕವೂ ಸ್ಪೈನೂ ಒಂದಕ್ಕೊಂದು ಹೊಂದಿದವು 9 ಮಾತ್ರ. ಉಳಿದವು ಅಲಸಂಡೆ ಬಳ್ಳಿಗೆ ಊರುಗೋಲಾದವು, ಅದಕ್ಕೇನು ಬೇಸರವಿಲ್ಲ.

ಅಡಕೆ ಸಲಾಕೆಯ ಬಗ್ಗೆ ನನ್ನ ಅನುಭವ ಚೆನ್ನಾಗಿಲ್ಲ. ಎಳೆ ನೇರ, ಗಟ್ಟಿತನ ಸಾಕಷ್ಟು, ಆದರೆ ಭಾರ. 28 ಇಂಚಿನ ಒಂದು ಬಾಣ ಮೊನೆ ಸೇರಿ 38 ಗ್ರಾಂ ತೂಗಿತು, 20 ಮೀಟರಿನಲ್ಲೇ ತಲೆ ತಗ್ಗಿಸಿತು. ಒಂದು ಬಾಣ ಗೋಣಿ ತಪ್ಪಿ ಹಿಂದಿನ ಮುರಕಲ್ಲಿನ ಗೋಡೆಗೆ ಬಡಿದಾಗ ಉದ್ದಕ್ಕೂ ಬಿರಿದು, ಎತ್ತಲು ಹೋದ ನನ್ನ ಅಂಗೈಗೆ ಸೂಜಿಯಂಥ ಸಿಬಿರುಗಳು ಹೊಕ್ಕವು. ಅವನ್ನೆಲ್ಲ ತೆಗೆಯುವಷ್ಟರಲ್ಲಿ ಸಂಜೆಯಾಗಿತ್ತು.

ವಯನಾಡಿನ ಕುರಿಚ್ಯ ಬುಡಕಟ್ಟಿನವರು 1802ರಲ್ಲಿ ತಲಕ್ಕಲ್ ಚಂದುವಿನ ಮುಂದಾಳುತನದಲ್ಲಿ ಪನಮರಂ ಕೋಟೆಯನ್ನು ಕಂಪೆನಿಯವರಿಂದ ಕಿತ್ತುಕೊಂಡದ್ದು ಬಿಲ್ಲುಬಾಣಗಳನ್ನು ಹಿಡಿದೇ. ಕಾರ್ಬನ್ ಇಲ್ಲದೆಯೂ ಗುರಿ ತಾಗುತ್ತದೆ ಎನ್ನುವುದಕ್ಕೆ ಇದನ್ನು ಹೇಳಿದೆ.

ಪೀಟಿ ಮಾಸ್ಟ್ರು, ಮಂಜೇಶ್ವರ:

ಬಿದಿರಿನ ಮೇಲೆ ನನಗೂ ಪ್ರೀತಿಯಿದೆ, ಆದರೆ ಆರು ತಿಂಗಳ ಅಭ್ಯಾಸವಿರುವವರಿಗೆ ಮೊದಲ ಬಾಣವಾಗಿ ಅದನ್ನು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಆರು ಬಾಣಗಳು ಆರು ಬಗೆಯಲ್ಲಿ ಹಾರಿದರೆ ತಪ್ಪು ಕೈಯದ್ದೋ ಕೋಲಿನದ್ದೋ ಎಂದು ಕಲಿಯುವವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. 700 ಅಥವಾ 800ರ ಕಾರ್ಬನ್ ಆರು ಬಾಣಗಳಿಂದ ಒಂದು ವರ್ಷ ಕೈಯನ್ನು ಹದ ಮಾಡಿಕೊಂಡು, ಆಮೇಲೆ ಬಿದಿರಿಗೆ ಇಳಿಯಲಿ ಎಂಬುದು ನನ್ನ ಅಭಿಪ್ರಾಯ.

ಸುರಕ್ಷತೆಯ ವಿಷಯವನ್ನು ಯಾರೂ ಎತ್ತಿಲ್ಲದ್ದರಿಂದ ಹೇಳಲೇಬೇಕಾಗಿದೆ. ಬಾಣವು ತುಂಬ ಹಗುರವಾದರೆ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿನ ಕೈಗಳಿಗೇ ಮರಳುತ್ತದೆ, ಬರಿಯ ಹೆದೆಯನ್ನು ಸೆಳೆದು ಬಿಟ್ಟಾಗ ಬಿಲ್ಲು ಒಡೆಯುವುದೂ ಇದೇ ಕಾರಣದಿಂದ. ಮರದ ಬಿಲ್ಲಿಗೆ ಒಂದು ಪೌಂಡ್ ಸೆಳೆತಕ್ಕೆ 8 ಗ್ರೇನಿಗಿಂತ ಕೆಳಗೆ ಇಳಿಯಲೇಬಾರದು, 10 ಇದ್ದರೆ ಒಳ್ಳೆಯದು. 35 ಪೌಂಡಿಗೆ 350 ಗ್ರೇನ್, ಅಂದರೆ ಸುಮಾರು 23 ಗ್ರಾಂ. ಚಿನ್ನದ ಅಂಗಡಿಯ ತಕ್ಕಡಿ ಇದಕ್ಕೆ ಸಾಕು. ಮೆದು ಕಾರ್ಬನ್ ಕೋಲುಗಳು ಹಗುರವಾಗಿಯೂ ಇರುವುದರಿಂದ 800ಕ್ಕೆ ಇಳಿದಾಗ ತೂಕವನ್ನು ಮರೆಯದೆ ನೋಡಿಕೊಳ್ಳಿ; ಕಡಿಮೆ ಬಂದರೆ ಮೊನೆಯನ್ನು ಭಾರ ಮಾಡಿ, ಆಗ ಬಾಣ ಇನ್ನೂ ಮೆದುವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೆರಳಿನ ಮೇಲೆ ಬಾಣವಿಡುವವರು ಪೂರ್ತಿ ಸೆಳೆದಾಗ ಮೊನೆ ಬೆರಳಿಗಿಂತ ಒಂದು ಇಂಚಾದರೂ ಮುಂದೆ ಉಳಿಯಬೇಕು. ಗಿಡ್ಡ ಬಾಣವನ್ನು ಹೆಚ್ಚು ಸೆಳೆದು ಮೊನೆ ಬೆರಳಿನ ಹಿಂದಕ್ಕೆ ಬಂದಾಗಲೇ ಕೈಬಿಟ್ಟ ಹುಡುಗನೊಬ್ಬನನ್ನು ಆಸ್ಪತ್ರೆಗೆ ಕರೆದೊಯ್ದ ದಿನವನ್ನು ನಾನು ಮರೆತಿಲ್ಲ. ಹೊಡೆಯುವ ಮೊದಲು ಪ್ರತಿ ಬಾಣವನ್ನೂ ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಗಿಸಿ, ಕಿವಿ ಕೊಡಿ. ಕಾರ್ಬನ್ನಿನಲ್ಲಿ ಚಿಟಚಿಟ ಸದ್ದು ಬಂದರೆ ಅದು ಒಳಗೇ ಸೀಳಿದೆ. ಅದನ್ನು ಅಂಟಿಸಿ ಹೊಡೆಯುವ ಯೋಚನೆಯೇ ಬೇಡ. ಬಿದಿರಾಗಲಿ ಮರವಾಗಲಿ ಹೆದೆಯ ಕಚ್ಚಿನ ಕೆಳಗೆ ನೂಲಿನಿಂದ ಬಿಗಿಯಾಗಿ ಸುತ್ತಿರಬೇಕು. ಮರದ ಕೋಲಿನಲ್ಲಿ ಕಚ್ಚನ್ನು ಎಳೆಗಳಿಗೆ ಅಡ್ಡವಾಗಿ ಕೊರೆಯಬೇಕು, ಎಳೆಯ ಗುಂಟ ಕೊರೆದರೆ ಹೆದೆಯೇ ಉಳಿಯಂತೆ ಅದನ್ನು ಸೀಳುತ್ತದೆ.

ಗರಿಯ ವಿಷಯ: ಬಾಣಕ್ಕೆ ಟರ್ಕಿ ಕೋಳಿಯ ರೆಕ್ಕೆಯ ಗರಿ ಉತ್ತಮ. ಸಾಕುವವರು ನಮ್ಮಲ್ಲಿ ಅಲ್ಲಲ್ಲಿ ಇದ್ದಾರೆ. ಕೊಲ್ಲಂನ ಕುರೀಪುಳದಲ್ಲಿ ಸರಕಾರದ ಸಾಕಣೆ ಕೇಂದ್ರವೇ ಇದೆ. ಒಂದು ಬಾಣದ ಮೂರೂ ಗರಿಗಳು ಒಂದೇ ಮಗ್ಗುಲಿನ ರೆಕ್ಕೆಯವಾಗಿರಬೇಕು, ಎಡದ್ದನ್ನೂ ಬಲದ್ದನ್ನೂ ಬೆರೆಸಿದರೆ ಒಂದು ಗರಿ ಬಾಣವನ್ನು ಅತ್ತ, ಇನ್ನೊಂದು ಗರಿ ಇತ್ತ ತಿರುಗಿಸಲು ನೋಡುತ್ತದೆ. ತೋಟದಲ್ಲಿ ಬಿದ್ದ ನವಿಲಿನ ರೆಕ್ಕೆಯ ಗರಿಯನ್ನು ಹೆಕ್ಕಿ ಅಂಟಿಸಬೇಡಿ; ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಹಕ್ಕಿ. ಅದೇ ಕಾಯಿದೆಯ ಕಾರಣದಿಂದ ಬಿಲ್ಲನ್ನು ಕಾಡಿನ ಕಡೆಗೆ ಒಯ್ಯುವ ಆಸೆಯನ್ನೂ ಇಟ್ಟುಕೊಳ್ಳಬೇಡಿ.

ಮುಂದೆ ಸ್ಪರ್ಧೆಯ ಯೋಚನೆಯಿದ್ದರೆ ಒಂದು ಮಾತು. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮದಲ್ಲಿ ಲಾಂಗ್‌ಬೋ ಎಂಬ ಉದ್ದನೆಯ ಸಾದಾ ಬಿಲ್ಲಿನ ವಿಭಾಗಕ್ಕೆ ಮರದ ಬಾಣ ಮತ್ತು ಹಕ್ಕಿಯ ಗರಿ ಕಡ್ಡಾಯ, ಕೋಲಿನ ದಪ್ಪ 9.3 ಮಿಲಿಮೀಟರ್ ಮೀರುವಂತಿಲ್ಲ. ಆ ಮಟ್ಟಿಗೆ ಮುಳ್ಳೇರಿಯದವರ ಪಕ್ಷವೇ ಗೆದ್ದಂತಾಯಿತು.

ಮುಳ್ಳೇರಿಯದ ಬಿದಿರು ಮೆಚ್ಚಿದವ:

ಮಾಸ್ಟ್ರೇ, ಪ್ರತಿ ಬಾಣದ ಮೇಲೂ ಒಂದು, ಎರಡು, ಮೂರು ಎಂದು ಸಂಖ್ಯೆ ಬರೆದು ಹೊಡೆದರೆ ತಪ್ಪು ಯಾರದ್ದೆಂದು ತಿಳಿಯುತ್ತದೆ. ಐದನೆಯ ಬಾಣ ಐದು ದಿನವೂ ಒಂದೇ ಕಡೆ ಹೋದರೆ ಅದು ಕೋಲಿನ ಗುಣ, ದಿನಕ್ಕೊಂದು ಕಡೆ ಹೋದರೆ ಕೈಯ ಗುಣ. ಆದರೂ ಬೆರಳಿನ ಮುಂದೆ ಒಂದು ಇಂಚು ಇರಬೇಕೆಂಬ ಮಾತನ್ನು ನಾನೇ ಮೊದಲು ಹೇಳಬೇಕಿತ್ತು.

ಬದಿಯಡ್ಕದ ಹೊಸಬ (ಆರು ವಾರಗಳ ಅನಂತರ):

ಉತ್ತರ ಕೊಟ್ಟ ಮೂವರಿಗೂ ಕೃತಜ್ಞತೆಗಳು. ಹೇಳಿದ್ದನ್ನೆಲ್ಲ ಮಾಡಿ ನೋಡಿ ಬರೆಯೋಣವೆಂದು ತಡ ಮಾಡಿದೆ.

ಹೆಂಡತಿಯಿಂದ ಪೆನ್ಸಿಲ್ ಗುರುತು ಹಾಕಿಸಿ ಅಳೆದಾಗ ನನ್ನ ಸೆಳೆತ 26 ಇಂಚು, ಅಷ್ಟಕ್ಕೆ ಎಳೆದಾಗ ಕೊಕ್ಕೆಯ ತಕ್ಕಡಿ 16 ಕಿಲೋ ತೋರಿಸಿತು. ನೀರ್ಚಾಲಿನವರು ಕಣ್ಣಾರೆ ಕಂಡಂತೆ ಹೇಳಿದ್ದಿರಿ. 700ರ ಎರಡು, 800ರ ಎರಡು ಕೋಲುಗಳನ್ನು ಟರ್ಕಿ ಗರಿಯೊಂದಿಗೆ ತರಿಸಿ 29 ಇಂಚಿನಲ್ಲೇ ಹೊಡೆದೆ. 125 ಗ್ರೇನಿನ ಮೊನೆಯೊಂದಿಗೆ 700 ನಾಲ್ಕು ಬೆರಳು ಎಡಕ್ಕೆ ಹೋಯಿತು, 800 ಗುರಿಯ ಸಾಲಿನಲ್ಲೇ ನಾಟಿತು. ಆಮೇಲೆ 700ಕ್ಕೆ 175 ಗ್ರೇನಿನ ಮೊನೆಯನ್ನು ಹಾಕಿದಾಗ ಅದೂ 800ರ ಪಕ್ಕಕ್ಕೇ ಬಂದು ಕೂತಿತು. ತೂಕದ ದೃಷ್ಟಿಯಿಂದ ಈ ಎರಡನೆಯದೇ ಲೇಸೆಂದು ಅದನ್ನೇ ಉಳಿಸಿಕೊಂಡಿದ್ದೇನೆ. ಟಕ್ಕೆನ್ನುವ ಸದ್ದು ನಿಂತಿದೆ. ಹೆದೆಯ ಮೃದುವಾದ ಸದ್ದೊಂದೇ ಕೇಳುವಾಗ ಇದು ಅದೇ ಬಿಲ್ಲೋ ಎಂದು ಸಂಶಯ ಬರುತ್ತದೆ. 400ರ ಡಜನ್ ಅಟ್ಟ ಸೇರಿದೆ.

ಆದರೆ ಹಕ್ಕಿಯ ಗರಿಯೂ ಒಮ್ಮೆ ಬೆರಳನ್ನು ಕೊಯ್ದಿತು! ನೋಡಿದರೆ ಗರಿಯ ಮುಂದಿನ ಕಡ್ಡಿಯ ತುದಿ ಅಂಟು ಬಿಟ್ಟು ಎದ್ದಿತ್ತು. ಈಗ ಅಲ್ಲಿ ಚೂರಿಯಿಂದ ಇಳಿಜಾರು ಮಾಡಿ ರೇಷ್ಮೆ ನೂಲು ಸುತ್ತಿ ಮೇಲೆ ಅಂಟು ಸವರಿದ್ದೇನೆ.

ಮುಳ್ಳೇರಿಯದವರು ಗುರುತಿನವರ ಮೂಲಕ ಕಳುಹಿಸಿಕೊಟ್ಟ ಮೂರು ಬಿದಿರಿನ ಕೋಲುಗಳಿಗೂ ನಾನೇ ಗರಿ ಕಟ್ಟಿದೆ. ಮೊಳೆಯ ಹಲಗೆಯಲ್ಲಿ ಒಂದನೆಯದು 21 ಮಿಲಿಮೀಟರ್ ಜಗ್ಗಿತು, ಅದು ನನ್ನ ಬತ್ತಳಿಕೆಯಲ್ಲೇ ಅತಿ ನೇರ ಹೋಗುವ ಬಾಣ. ಮೂರನೆಯದು 17 ಮಿಲಿಮೀಟರ್, ಅಂದರೆ 39 ಪೌಂಡ್, ನಿರೀಕ್ಷೆಯಂತೆ ಎಡಕ್ಕೆ. ನನಗೆ ಅರ್ಥವಾಗದ್ದು ಎರಡನೆಯದು. ಅದೂ 20 ಮಿಲಿಮೀಟರೇ ಜಗ್ಗುತ್ತದೆ, ಆದರೆ ಹೊಡೆದರೆ ಅಡ್ಡಡ್ಡ ತುಯ್ದಾಡುತ್ತ ಹೋಗಿ ಒಂದು ಗೇಣು ಎಡಕ್ಕೆ ಬೀಳುತ್ತದೆ. ಸಂಖ್ಯೆ ಬರೆದು ಹತ್ತು ದಿನ ನೋಡಿದೆ, ಕೈಯ ತಪ್ಪಲ್ಲ. ಇನ್ನು ಮಳೆಗಾಲದಲ್ಲಿ ಇವುಗಳನ್ನು ಕಾಪಾಡುವುದು ಹೇಗೆ?

ನೀರ್ಚಾಲಿನ ಹಳಬ:

ಒಳ್ಳೆಯ ಕೆಲಸ ಮಾಡಿದ್ದೀರಿ. 29 ಇಂಚನ್ನು ಕತ್ತರಿಸುವ ಅವಸರ ಬೇಡ, ಈಗ ಸರಿಯಾಗಿರುವುದನ್ನು ಗಿಡ್ಡ ಮಾಡಿದರೆ ಮತ್ತೆ ಎಡಕ್ಕೆ ಹೊರಡುತ್ತದೆ. ಇನ್ನಷ್ಟು ನಿಖರವಾಗಿ ತಿಳಿಯಬೇಕಾದರೆ ಒಂದು 700ರ ಗರಿಯನ್ನು ಪೂರ್ತಿ ತೆಗೆದು, ಬರಿಯ ಕೋಲನ್ನು ಗರಿಯಿರುವವುಗಳ ಜೊತೆಗೆ 10 ಮೀಟರಿನಿಂದ ಹೊಡೆಯಿರಿ. ಗರಿಯು ತಪ್ಪುಗಳನ್ನು ಮುಚ್ಚಿಬಿಡುತ್ತದೆ, ಬರಿಯ ಕೋಲು ಮುಚ್ಚುವುದಿಲ್ಲ. ಅದು ಬಾಲ ಮೇಲೆತ್ತಿ ನಾಟಿದರೆ ಹೆದೆಯ ಮೇಲೆ ನೀವು ಬಾಣ ಸಿಕ್ಕಿಸುವ ಜಾಗ ಎತ್ತರವಾಗಿದೆ ಎಂದು ಮೊದಲು ಅನುಮಾನಿಸಬೇಕು. ಎರಡನೆಯ ಬಿದಿರಿನ ವಿಷಯವನ್ನು ಅದರ ಮೂಲದವರೇ ಹೇಳಲಿ.

ಮುಳ್ಳೇರಿಯದ ಬಿದಿರು ಮೆಚ್ಚಿದವ:

ಬದಿಯಡ್ಕದವರೇ, ಬಿದಿರು ಎಲ್ಲ ಮಗ್ಗುಲಿಗೂ ಒಂದೇ ಸಮ ಬಾಗುವುದಿಲ್ಲ. ನೀವು ಎರಡನೆಯ ಕೋಲನ್ನು ಒಂದೇ ಮಗ್ಗುಲಾಗಿ ಅಳೆದಿರಬೇಕು. ಅದನ್ನು ಮತ್ತೆ ಮೊಳೆಗಳ ಮೇಲಿಟ್ಟು, ಕಾಲು ಸುತ್ತು ತಿರುಗಿಸಿ ತಿರುಗಿಸಿ ನಾಲ್ಕು ಸಲ ಅಳೆಯಿರಿ. ಒಂದು ಕಡೆ 20 ಬಂದದ್ದು ಇನ್ನೊಂದು ಕಡೆ 16 ಬಂದರೆ ನನಗೆ ಆಶ್ಚರ್ಯವಿಲ್ಲ. ಬಾಣ ಬಾಗಬೇಕಾದದ್ದು ಹಿಡಿಗೆ ಎಡಬಲವಾಗಿ; ನೀವು ಕಚ್ಚು ಕೊರೆದ ದಿಕ್ಕಿನಿಂದಾಗಿ ಅದರ ಬಿಗಿಯಾದ ಮಗ್ಗುಲು ಆ ಕಡೆಗೆ ಬಂದಿದೆ. ಮಾರುವವರು ಎಲ್ಲ ಬಾಣಗಳಿಗೂ ಬಿಗಿಯಾದ ಮಗ್ಗುಲನ್ನೇ ಹಿಡಿಗೆ ತಾಗುವಂತೆ ಇಟ್ಟು ಆ ಅಳತೆಯಿಂದಲೇ ವಿಂಗಡಿಸುತ್ತಾರೆ, ಅದು ಒಳ್ಳೆಯ ಕ್ರಮ. ಒಂದೇ ಕೋಲನ್ನು ಉಳಿಸಿಕೊಳ್ಳುವ ಪ್ರಶ್ನೆಯಾದರೆ ಕಚ್ಚನ್ನೇ ತಿರುಗಿಸುವುದು ಸುಲಭ.

ಮಳೆಗಾಲಕ್ಕೆ ಗೇರೆಣ್ಣೆ ಸವರಲು ಯಾರಾದರೂ ಹೇಳಿದರೆ ಕೇಳಬೇಡಿ. ಮಾಡಿನ ಪಕಾಸಿಗೆ ಅದು ಸರಿ, ಬೆರಳಿನ ಮೇಲೆ ಜಾರುವ ಕೋಲಿಗೆ ಹಚ್ಚಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಬಡಗಿಗಳು ಬಳಸುವ ಅರಗಿನ ಪಾಲಿಶನ್ನು ಎರಡು ಸಲ ತೆಳುವಾಗಿ ಬಳಿದು, ಕಚ್ಚಿನ ಒಳಗೂ ಮೊನೆಯ ಬುಡಕ್ಕೂ ಒಂದೊಂದು ಹನಿ ಇಳಿಸಿ, ಏಕೆಂದರೆ ತೇವ ಹೊಗುವುದು ಕಡಿದ ತುದಿಗಳಿಂದ. ಬಾಣಗಳನ್ನು ಗೋಡೆಗೆ ಒರಗಿಸಿಡದೆ ಮೊನೆ ಕೆಳಗಾಗಿ ತೂಗುಹಾಕಿ. ಆಟಿಯಲ್ಲಿ ಹೇಗೂ ಒಂದೆರಡು ಬಾಗಿಯೇ ಬಾಗುತ್ತವೆ, ಗೆರಟೆ ಕೆಂಡ ಇದ್ದೇ ಇದೆ.

ಎರಡನೆಯ ಬಾಣದ ಕಚ್ಚಿನ ಕಡೆಯಿಂದ ಒಂದು ಸೆಂಟಿಮೀಟರ್ ಕತ್ತರಿಸಿ, ಗರಿಗಳನ್ನು ಬಿಡಿಸಿ, ಕಾಲು ಸುತ್ತು ತಿರುಗಿಸಿ ಹೊಸ ಕಚ್ಚು ಕೊರೆಯಿರಿ. ಗರಗಸ ಇಡುವ ಮೊದಲೇ ಕಚ್ಚು ಮುಗಿಯುವ ಜಾಗದ ಕೆಳಗೆ ನೂಲನ್ನು ಬಿಗಿಯಾಗಿ ಸುತ್ತಿಕೊಳ್ಳಿ, ಇಲ್ಲದಿದ್ದರೆ ಗರಗಸ ಎಳೆಯನ್ನು ಹಿಡಿದುಕೊಂಡು ಕೋಲನ್ನು ಮೊದಲ ಗಂಟಿನವರೆಗೂ ಸೀಳಿಬಿಡುತ್ತದೆ.